ಕ್ಯಾಮ್ ಫೇಸರ್ ಬೆಂಚ್: ಬಿಸಿ ಆಯಿಲ್, ಹಿಮ್ಮುಖ ಹರಿವು ಮತ್ತು ಒಂದು ಚೆಕ್ ವಾಲ್ವ್

ಕ್ಯಾಮ್ ಫೇಸರ್ ಪರೀಕ್ಷಿಸಲು ಕಟ್ಟಿಕೊಂಡ ಬೆಂಚ್ ಈಗ ಬಿಸಿ ಆಯಿಲ್‌ನಲ್ಲಿ ಓಡುತ್ತಿದೆ. ಎಂಜಿನ್‌ನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅನ್ನು ಆಯಿಲ್ ಒತ್ತಡದಿಂದ ಕೊಂಚ ಹಿಂದೆ ಮುಂದೆ ತಿರುಗಿಸಿ, ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ಭಾಗವೇ ಫೇಸರ್. ಇಲ್ಲಿಯವರೆಗಿನ ಅಳತೆಗಳೆಲ್ಲ ಕೋಣೆಯ ತಾಪಮಾನದವು. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಆಯಿಲ್ 90 ಡಿಗ್ರಿಗೆ ಏರಿದ ಮೇಲೆ ಫೇಸರ್‌ನ ನಿಜವಾದ ಕಷ್ಟ ಕಣ್ಣಿಗೆ ಬಿತ್ತು. ಅದನ್ನು ಹಿಂದಕ್ಕೋ ಮುಂದಕ್ಕೋ ತಳ್ಳುವುದು ಸುಲಭ, ಬೇಕಾದ ಕೋನದಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಈ ಹಂತದ ಕೆಲಸವೆಲ್ಲ ಆ ಹಿಡಿತದ ಸುತ್ತಲೇ ನಡೆದಿದೆ.

ಹೊಸದಾಗಿ ಓದುತ್ತಿರುವವರಿಗೆ ಬೆಂಚ್‌ನ ಪರಿಚಯ. ಟೊಯೋಟಾ ಕೊರೊಲ್ಲಾದ 1ಝಡ್‌ಝಡ್-ಎಫ್ಇ ಎಂಜಿನ್‌ನ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಒಂದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. 1794 ಸಿಸಿಯ ಈ ಎಂಜಿನ್‌ನೊಂದಿಗೆ ಕೊರೊಲ್ಲಾ 2003ರಲ್ಲಿ ಭಾರತಕ್ಕೆ ಬಂತು. ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿದ್ದ ಕಾರು ಅದು. ಆದ್ದರಿಂದ ಇದರ ಬಿಡಿಭಾಗಗಳು ನಮ್ಮ ಊರಿನಲ್ಲಿ ಇನ್ನೂ ಸಿಗುತ್ತವೆ. ಹೆಡ್‌ನಲ್ಲಿ ಇನ್‌ಟೇಕ್ ಕ್ಯಾಮ್‌ಶಾಫ್ಟ್, ಅದರ ವಾಲ್ವ್‌ಗಳು ಮತ್ತು ಸ್ಪ್ರಿಂಗ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ವಿಎಫ್‌ಡಿ (ವೇಗ ಬದಲಿಸುವ ಸಾಧನ) ಇರುವ ಒಂದು ಮೋಟಾರ್ ಚೈನ್ ಮೂಲಕ ಫೇಸರ್‌ನ ಸ್ಪ್ರಾಕೆಟ್ ತಿರುಗಿಸುತ್ತದೆ. ಹೊರಗಿನ ಗೇರ್ ಪಂಪ್ ಆಯಿಲ್ ಒದಗಿಸುತ್ತದೆ. ಸ್ಪ್ರಾಕೆಟ್‌ಗೊಂದು, ಕ್ಯಾಮ್‌ನ ಹಿಂತುದಿಗೊಂದು ಎನ್‌ಕೋಡರ್ (ಕೋನ ಅಳೆಯುವ ಸೆನ್ಸರ್) ಇದೆ. ಎರಡರ ನಡುವಿನ ವ್ಯತ್ಯಾಸವೇ ಫೇಸರ್‌ನ ಕೋನ. ಆಯಿಲ್ ಕಾಯಿಸಲು ಟ್ಯಾಂಕ್‌ನ ತಳಕ್ಕೆ ಹೊರಗಿನಿಂದ ಹೀಟರ್ ಪ್ಲೇಟ್ ಅಂಟಿಸಿದ್ದೇನೆ. ನೀರು ಕಾಯಿಸುವ ಕಾಯಿಲ್ ಅನ್ನು ಆಯಿಲ್‌ನೊಳಗೆ ಇಳಿಸಿದರೆ ಅದರ ಮೈಗೆ ತಾಗಿದ ಆಯಿಲ್ ಸುಟ್ಟು ಕರಿಯಾಗುತ್ತದೆ, ಆ ಕರಿ ನೇರವಾಗಿ ಫೇಸರ್‌ಗೆ ಆಯಿಲ್ ಬಿಡುವ ವಾಲ್ವ್‌ನ ಜಾಲರಿಗೆ ಹೋಗಿ ಕೂರುತ್ತದೆ.

ಫೇಸರ್‌ನ ಒಳಗಿನ ಕಥೆ ಹೀಗಿದೆ. ಸ್ಪ್ರಾಕೆಟ್‌ಗೆ ಸೇರಿದ ಹೊರಕವಚದೊಳಗೆ ಕ್ಯಾಮ್‌ಗೆ ಬಿಗಿದ ರೆಕ್ಕೆಗಳಿವೆ. ಪ್ರತಿ ರೆಕ್ಕೆಯ ಒಂದು ಬದಿಗೆ ಅಡ್ವಾನ್ಸ್ (ಕ್ಯಾಮ್ ಅನ್ನು ಮುಂದಕ್ಕೆ ತಿರುಗಿಸುವ) ಕೋಣೆ, ಇನ್ನೊಂದು ಬದಿಗೆ ರಿಟಾರ್ಡ್ (ಹಿಂದಕ್ಕೆ ತಿರುಗಿಸುವ) ಕೋಣೆ. ಯಾವ ಕೋಣೆಗೆ ಆಯಿಲ್ ತುಂಬುತ್ತದೋ ಅದು ಹಿಗ್ಗಿ ಕ್ಯಾಮ್ ತಿರುಗುತ್ತದೆ. ಈ ಎಂಜಿನ್‌ನಲ್ಲಿ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 40 ಡಿಗ್ರಿಯ ಅವಕಾಶವಿದೆ, ಕ್ಯಾಮ್‌ನ ಲೆಕ್ಕದಲ್ಲಿ ಅದರ ಅರ್ಧ. ಯಾವ ಕೋಣೆಗೆ ಆಯಿಲ್ ಹೋಗಬೇಕೆಂದು ನಿರ್ಧರಿಸುವುದು ಆಯಿಲ್ ಕಂಟ್ರೋಲ್ ವಾಲ್ವ್. ಅದರೊಳಗಿನ ಸ್ಪೂಲ್ ಅನ್ನು ಒಂದು ಕಡೆಯಿಂದ ಸ್ಪ್ರಿಂಗ್, ಇನ್ನೊಂದು ಕಡೆಯಿಂದ ಸೊಲೆನಾಯ್ಡ್ ತಳ್ಳುತ್ತವೆ. ಕರೆಂಟ್ ಇಲ್ಲದಿದ್ದರೆ ರಿಟಾರ್ಡ್, ಪೂರ್ತಿ ಕೊಟ್ಟರೆ ಅಡ್ವಾನ್ಸ್. ಡ್ಯೂಟಿ (ಕರೆಂಟ್ ಆನ್ ಇರುವ ಹೊತ್ತಿನ ಪಾಲು) ಅರ್ಧದ ಆಸುಪಾಸಿನಲ್ಲಿದ್ದರೆ ಸ್ಪೂಲ್ ನಡುವೆ ನಿಂತು ಎರಡೂ ದಾರಿಗಳನ್ನು ಮುಚ್ಚುತ್ತದೆ. ನನ್ನ ವಾಲ್ವ್‌ನ ಕಾಯಿಲ್ 7.2 ಓಮ್ ತೋರಿಸುತ್ತಿದೆ. ಟೊಯೋಟಾ ಹೇಳುವ ಮಿತಿ 20 ಡಿಗ್ರಿ ತಾಪಮಾನದಲ್ಲಿ 6.9ರಿಂದ 7.9 ಓಮ್, ಹಾಗಾಗಿ ವಿದ್ಯುತ್ತಿನ ಕಡೆಯಿಂದ ವಾಲ್ವ್ ಆರೋಗ್ಯವಾಗಿದೆ.

ನಡುವೆ ನಿಲ್ಲಿಸಿದರೆ ಎರಡೂ ಕೋಣೆಗಳು ಮುಚ್ಚುತ್ತವೆ, ಕ್ಯಾಮ್ ಬೀಗ ಹಾಕಿದಂತೆ ನಿಲ್ಲಬೇಕು. ಪುಸ್ತಕದ ಚಿತ್ರಗಳು ಹಾಗೆಯೇ ತೋರಿಸುತ್ತವೆ. ತಣ್ಣನೆಯ ಆಯಿಲ್‌ನಲ್ಲಿ ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ ಕೂಡ. ಬಿಸಿಯಾದ ಮೇಲೆ ಆಗುವುದೇ ಬೇರೆ.

ರೆಕ್ಕೆಯ ತುದಿಯಲ್ಲಿ, ಮುಚ್ಚಳದ ಕೆಳಗೆ, ಸ್ಪೂಲ್‌ನ ಸುತ್ತ, ಕ್ಯಾಮ್‌ನ ಮೊದಲ ಜರ್ನಲ್‌ನಲ್ಲಿ (ಬೇರಿಂಗ್‌ನೊಳಗೆ ತಿರುಗುವ ಭಾಗ), ಎಲ್ಲ ಕಡೆಯೂ ಕೂದಲೆಳೆಯ ಸಂದುಗಳಿವೆ. ಇಂಥ ಸಂದಿನ ಸೋರಿಕೆ ಆಯಿಲ್‌ನ ಸ್ನಿಗ್ಧತೆ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಸಂದಿನ ಅಗಲಕ್ಕಂತೂ ಘನದ ಲೆಕ್ಕ: ಅಗಲ ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ. ವಾಲ್ವ್‌ನ ತೆರೆದ ಕಿಂಡಿಯ ಸ್ವಭಾವ ಇದಕ್ಕಿಂತ ಬೇರೆ. ಅಲ್ಲಿ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ, ಸ್ನಿಗ್ಧತೆಗೆ ಅಷ್ಟಾಗಿ ಜಗ್ಗುವುದಿಲ್ಲ. ಅಂದರೆ ಆಯಿಲ್ ಬಿಸಿಯಾದಾಗ ಒಳಗೆ ಬರುವ ದಾರಿ ಹೆಚ್ಚು ಬದಲಾಗುವುದಿಲ್ಲ, ಸೋರಿಹೋಗುವ ದಾರಿ ಮಾತ್ರ ಅಗಲವಾದಂತೆ ಆಗುತ್ತದೆ. ಬಿಸಿ ಐಡ್ಲಿಂಗ್‌ನಲ್ಲಿ ಒತ್ತಡವೂ ಕುಸಿದಿರುತ್ತದೆ. ಈ ಎಂಜಿನ್‌ಗೆ ಐಡ್ಲಿಂಗ್‌ನಲ್ಲಿ ಚದರ ಸೆಂಟಿಮೀಟರಿಗೆ 0.3 ಕೆಜಿ ಒತ್ತಡವಿದ್ದರೂ ಸಾಕು ಎನ್ನುತ್ತದೆ ಸರ್ವಿಸ್ ಮ್ಯಾನ್ಯುಯಲ್. 3000 ಆರ್‌ಪಿಎಂನಲ್ಲಿ ಕನಿಷ್ಠ 3 ಕೆಜಿ ಬೇಕು.

ಇದರ ಮೇಲೆ ವಾಲ್ವ್ ಸ್ಪ್ರಿಂಗ್‌ಗಳ ಗುದ್ದು ಬೇರೆ. ವಾಲ್ವ್ ತೆರೆಯುವಾಗ ಸ್ಪ್ರಿಂಗ್ ಕ್ಯಾಮ್ ಅನ್ನು ಹಿಂದಕ್ಕೆ ತಳ್ಳುತ್ತದೆ, ಮುಚ್ಚುವಾಗ ಮುಂದಕ್ಕೆ ನೂಕುತ್ತದೆ. ನಾಲ್ಕು ಸಿಲಿಂಡರ್‌ನ ಎಂಜಿನ್‌ನಲ್ಲಿ ಕ್ಯಾಮ್‌ನ ಪ್ರತಿ ಸುತ್ತಿಗೆ ಇಂಥ ನಾಲ್ಕು ಜೋಡಿ ಗುದ್ದುಗಳು ಬೀಳುತ್ತವೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಕ್ಯಾಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ, ಆಗ ರೆಕ್ಕೆಗಳಿಗೆ ಸೆಕೆಂಡಿಗೆ 100 ಬಾರಿ ಹಿಂದೆ ಮುಂದೆ ತಳ್ಳಾಟ. ಘರ್ಷಣೆ ಸದಾ ಹಿಂದಕ್ಕೇ ಎಳೆಯುವುದರಿಂದ ಒಟ್ಟು ಲೆಕ್ಕದಲ್ಲಿ ಕ್ಯಾಮ್ ರಿಟಾರ್ಡ್ ಕಡೆಗೆ ಜಾರಲು ನೋಡುತ್ತದೆ. ಎಕ್ಸಾಸ್ಟ್ ಕ್ಯಾಮ್‌ನ ಫೇಸರ್‌ಗಳಲ್ಲಿ ಬಹಳ ಕಡೆ ಸುರುಳಿ ಸ್ಪ್ರಿಂಗ್ ಇಟ್ಟು ಅದನ್ನು ಅಡ್ವಾನ್ಸ್ ಕಡೆಗೆ ಎಳೆಯುವುದು ಇದೇ ಕಾರಣಕ್ಕೆ.

ಹಿಂದಕ್ಕೆ ತಳ್ಳುವ ಒಂದೊಂದು ಗುದ್ದಿನ ಕ್ಷಣದಲ್ಲೂ ಅಡ್ವಾನ್ಸ್ ಕೋಣೆಯ ಒತ್ತಡ ಪಂಪ್‌ನ ಒತ್ತಡವನ್ನು ಮೀರಿ ಏರುತ್ತದೆ. ಹೆಡ್‌ನ ಹೊರಮೈಯಿಂದ ರಂಧ್ರ ಕೊರೆದು ಎರಡೂ ದಾರಿಗಳಿಗೆ ಒತ್ತಡದ ಸೆನ್ಸರ್ ಕೂರಿಸಿದ್ದೆ. ಬಿಸಿ ಆಯಿಲ್, ಕಡಿಮೆ ಒತ್ತಡ, ಅಡ್ವಾನ್ಸ್ ಕಡೆಗೆ ಚಲಿಸುತ್ತಿರುವ ಫೇಸರ್: ಈ ಮೂರೂ ಕೂಡಿದಾಗ ಪರದೆಯ ಮೇಲೆ ಆ ಮೊನೆಗಳು ಸ್ಪಷ್ಟವಾಗಿ ಮೂಡಿದವು. ಅದೇ ಕ್ಷಣಕ್ಕೆ ಕೋನದ ಗೆರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿತ್ತು. ಆಯಿಲ್ ಬಂದ ದಾರಿಯಲ್ಲೇ ಪಂಪ್ ಕಡೆಗೆ ವಾಪಸಾಗುತ್ತಿತ್ತು. ಪಂಪ್ ಎರಡು ಹೆಜ್ಜೆ ತುಂಬಿದರೆ ಕ್ಯಾಮ್ ಒಂದು ಹೆಜ್ಜೆ ಕಕ್ಕಿಸುತ್ತಿತ್ತು. ಆ ಗೆರೆಗಳನ್ನು ನೋಡಿದ ಸಂತೋಷವನ್ನು ಹೇಗೆ ಹೇಳುವುದೋ ತಿಳಿಯದು. ಓದಿ ಒಪ್ಪಿಕೊಂಡಿದ್ದ ಸಂಗತಿ ಕಣ್ಣೆದುರು ನಡೆಯುತ್ತಿತ್ತು.

ಮುಂದಿನ ಕೆಲಸ ತಾನಾಗಿಯೇ ನಿರ್ಧಾರವಾಯಿತು. ಪೀಣ್ಯದ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಬ್ಲಾಕ್ ಒಂದನ್ನು ಮಾಡಿಸಿ, ಅದರೊಳಗೆ ಉಕ್ಕಿನ ಬಾಲ್ ಮತ್ತು ಮೆತ್ತನೆಯ ಸ್ಪ್ರಿಂಗ್ ಇರುವ ಚೆಕ್ ವಾಲ್ವ್ ಕೂರಿಸಿದೆ. ತೆರೆದ ಬಾವಿಯ ಪಂಪ್‌ಸೆಟ್‌ಗೆ ಫುಟ್‌ವಾಲ್ವ್ ಮಾಡುವ ಕೆಲಸವೇ ಇದರದು, ಮೇಲೆ ಬಂದದ್ದು ಕೆಳಗೆ ಇಳಿಯಬಾರದು. ಮೊದಲು ಅದನ್ನು ಪಂಪ್‌ನ ಬಳಿ ಹಾಕಿ ನೋಡಿದೆ. ಸುಧಾರಣೆ ಕಂಡಿತು, ಆದರೆ ಪೂರ್ತಿ ಅಲ್ಲ. ನಡುವಿನ ರಬ್ಬರ್ ಹೋಸ್ ಪ್ರತಿ ಗುದ್ದಿಗೂ ಸ್ವಲ್ಪ ಉಬ್ಬಿ ಜಾಗ ಕೊಡುತ್ತಿತ್ತು. ಆಯಿಲ್‌ನಲ್ಲಿ ಸೇರಿಕೊಂಡ ಗಾಳಿಯ ಗುಳ್ಳೆಗಳೂ ಅದೇ ಕೆಲಸ ಮಾಡುತ್ತವೆ. ಬ್ಲಾಕ್ ಅನ್ನು ಹೆಡ್‌ಗೆ ಅಂಟಿದಂತೆ ಕೂರಿಸಿ, ಟ್ಯಾಂಕ್‌ಗೆ ಮರಳುವ ಕೊಳವೆಯ ಬಾಯಿ ಆಯಿಲ್‌ನೊಳಗೆ ಮುಳುಗುವಂತೆ ಮಾಡಿದ ಮೇಲೆ ಕೋನದ ಗೆರೆ ನೆಟ್ಟಗಾಯಿತು. ಅದೇ ಕಡಿಮೆ ಒತ್ತಡದಲ್ಲಿ ಅಡ್ವಾನ್ಸ್ ಚಲನೆ ಕಣ್ಣಿಗೆ ಕಾಣುವಷ್ಟು ಚುರುಕಾಯಿತು. ಕಾರಣ ಇಷ್ಟೇ: ಹಿಂದಕ್ಕೆ ತಳ್ಳುವ ಗುದ್ದಿಗೆ ಈಗ ದಾರಿಯಿಲ್ಲ, ಮುಂದಕ್ಕೆ ನೂಕುವ ಗುದ್ದು ಮಾತ್ರ ಚಲನೆಗೆ ಸೇರಿಕೊಳ್ಳುತ್ತದೆ.

ಈ ತರ್ಕವನ್ನು ಕೊನೆಯವರೆಗೂ ಒಯ್ದವರು ಬೋರ್ಗ್‌ವಾರ್ನರ್ ಕಂಪನಿಯವರು. ಅವರ ಕ್ಯಾಮ್ ಟಾರ್ಕ್‌ನಿಂದ ನಡೆಯುವ ಫೇಸರ್‌ನಲ್ಲಿ ಆಯಿಲ್ ಒಂದು ಕೋಣೆಯಿಂದ ಇನ್ನೊಂದಕ್ಕೆ ಚೆಕ್ ವಾಲ್ವ್‌ಗಳ ಮೂಲಕ ನೇರವಾಗಿ ದಾಟುತ್ತದೆ. ದಾಟಿಸುವ ಶಕ್ತಿ ಕ್ಯಾಮ್‌ನದೇ. ಪಂಪ್ ಸೋರಿಹೋದಷ್ಟನ್ನು ತುಂಬಿಕೊಟ್ಟರೆ ಸಾಕು, ಹೀಗಾಗಿ ದೊಡ್ಡ ಆಯಿಲ್ ಪಂಪ್ ಬೇಕಾಗುವುದಿಲ್ಲ. ಫೋರ್ಡ್‌ನ 5.0 ಲೀಟರ್ ಕೊಯೋಟಿ ಎಂಜಿನ್‌ನಲ್ಲಿ ಇಂಥ ಫೇಸರ್ ಇದೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಸುಂದರ ಯೋಚನೆ ಇದು: ಕಾಟ ಕೊಡುತ್ತಿದ್ದ ಗುದ್ದನ್ನೇ ದುಡಿಸಿಕೊಳ್ಳುವುದು.

ಇನ್ನು ದಪ್ಪ ಆಯಿಲ್‌ನ ವಿಚಾರ. ಹಳೆಯ ಕಾರಿನ ಎಂಜಿನ್ ಸದ್ದು ಮಾಡಿದರೆ 20ಡಬ್ಲ್ಯೂ-50 (50 ದರ್ಜೆಯ ದಪ್ಪ ಆಯಿಲ್) ಹಾಕಿ ಎನ್ನುವ ಸಲಹೆ ನಮ್ಮಲ್ಲಿ ಎಲ್ಲೆಡೆ ಕೇಳಿಬರುತ್ತದೆ. ವಿವಿಟಿ (ಹೀಗೆ ಫೇಸರ್‌ನಿಂದ ವಾಲ್ವ್‌ನ ಹೊತ್ತು ಬದಲಿಸುವ ವ್ಯವಸ್ಥೆ) ಇರುವ ಎಂಜಿನ್‌ಗೂ ಅದನ್ನೇ ಹೇಳುತ್ತಾರೆ. 100 ಡಿಗ್ರಿಯಲ್ಲಿ 30 ದರ್ಜೆಯ ಆಯಿಲ್‌ನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ ನಡುವೆ ಇರಬೇಕು, 50 ದರ್ಜೆಯದು 16.3ರಿಂದ 21.9ರ ನಡುವೆ. ಬೆಂಚ್‌ನಲ್ಲಿ ಎರಡನ್ನೂ ಓಡಿಸಿದೆ. ಬಿಸಿಯಾದ ಮೇಲೆ ದಪ್ಪ ಆಯಿಲ್ ಕಡಿಮೆ ಸೋರಿತು, ಫೇಸರ್ ಅನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು. ಇದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ತಣ್ಣಗಿದ್ದಾಗ ಮಾತ್ರ ಚಿತ್ರ ತಲೆಕೆಳಗಾಯಿತು. ಕೊಳವೆ ಮತ್ತು ಜಾಲರಿಗಳಲ್ಲೇ ಒತ್ತಡ ಕಳೆದುಹೋಗಿ ಫೇಸರ್ ತೀರಾ ತಡವಾಗಿ ಚಲಿಸಿತು. ರಿಟಾರ್ಡ್ ಕೋಣೆ ಬೇಗ ಖಾಲಿಯಾಗಲು ಒಪ್ಪಲಿಲ್ಲ. ಚೆಕ್ ವಾಲ್ವ್ ಹಾಕಿದ ಮೇಲೆ ತಣ್ಣನೆಯ ಸ್ಥಿತಿಯಲ್ಲಿ ಇನ್ನಷ್ಟು ನಿಧಾನ, ಏಕೆಂದರೆ ಅದೂ ದಾರಿಯಲ್ಲಿನ ಒಂದು ಅಡ್ಡಿಯೇ. ಕಾರಿನಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೇಳಿದ ಕೋನಕ್ಕೂ ನಿಜವಾದ ಕೋನಕ್ಕೂ ಹೀಗೆ ಬಹಳ ಹೊತ್ತು ಅಂತರ ಉಳಿದರೆ ಪಿ0011 ಅಥವಾ ಪಿ0012 ಎಂಬ ದೋಷದ ಕೋಡ್ ಬರುತ್ತದೆ. ಆಗ ಮೆಕ್ಯಾನಿಕ್ ಮೊದಲು ಬದಲಾಯಿಸುವುದು ಆಯಿಲ್ ಕಂಟ್ರೋಲ್ ವಾಲ್ವ್ ಅನ್ನು. ಅದಕ್ಕೂ ಮುಂಚೆ ಎಂಜಿನ್‌ನಲ್ಲಿ ಯಾವ ದರ್ಜೆಯ ಆಯಿಲ್ ಇದೆ, ವಾಲ್ವ್‌ನ ಜಾಲರಿ ಸ್ವಚ್ಛವಾಗಿದೆಯೇ ಎಂದು ನೋಡಿದರೆ ಕಾರಿನ ಮಾಲೀಕರ ಸಾವಿರಾರು ರೂಪಾಯಿ ಉಳಿಯಬಹುದು.

ನಿಲ್ಲಿಸಿ ಹಿಡಿಯುವ ಡ್ಯೂಟಿ ತಾಪಮಾನದೊಂದಿಗೆ ಸರಿಯುತ್ತದೆ. ಕಾಯಿಲ್ ಬಿಸಿಯಾದಂತೆ ಅದರ ಓಮ್ ಏರಿ, ಅದೇ ಡ್ಯೂಟಿಗೆ ಕರೆಂಟ್ ಕಡಿಮೆಯಾಗುತ್ತದೆ. ಸೋರಿಕೆ ಹೆಚ್ಚಿದಂತೆ ಸ್ಪೂಲ್ ನಡುವಿನಿಂದ ಅಡ್ವಾನ್ಸ್ ಕಡೆಗೆ ಕೊಂಚ ವಾಲಿಯೇ ನಿಲ್ಲಬೇಕಾಗುತ್ತದೆ. ಈಗ ನನ್ನ ನಿಯಂತ್ರಣದ ಪ್ರೋಗ್ರಾಂ ಡ್ಯೂಟಿಯ ಬದಲು ಕರೆಂಟ್ ಅನ್ನೇ ಅಳೆದು ಸರಿಪಡಿಸುತ್ತಿದೆ. ಹೀಗೆ ಎರಡು ಕಾರಣಗಳಲ್ಲಿ ಒಂದು ಲೆಕ್ಕದಿಂದ ಹೊರಗೆ ಹೋಯಿತು.

ಮುಂದಿನ ಹಂತದಲ್ಲಿ ಲಾಕ್ ಪಿನ್‌ನ ಸರದಿ. ಎಂಜಿನ್ ಶುರುವಾಗುವಾಗ ಫೇಸರ್ ಅನ್ನು ರಿಟಾರ್ಡ್ ತುದಿಯಲ್ಲಿ ಹಿಡಿದಿಡುವ ಈ ಪಿನ್ ಯಾವ ಒತ್ತಡದಲ್ಲಿ ಮೇಲೇಳುತ್ತದೆ, ರೆಕ್ಕೆ ಅದಕ್ಕಿಂತ ಮೊದಲೇ ತಿರುಗಲು ನೋಡಿದರೆ ಪಿನ್ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಬೇಕು. ಜಾಲರಿಯ ಭಾಗವನ್ನು ಬೇಕೆಂದೇ ಮುಚ್ಚಿ ಇದೇ ಅಳತೆಗಳನ್ನು ಮತ್ತೆ ತೆಗೆಯುವುದೂ ಇದೆ. ಫೇಸರ್‌ನ ಮುಂಭಾಗಕ್ಕೆ ಪಾರದರ್ಶಕ ಮುಚ್ಚಳ ಮಾಡಿಸಲು ಪಾಲಿಕಾರ್ಬೊನೇಟ್ ಹಾಳೆ ತಂದಿಟ್ಟಿದ್ದೇನೆ. 90 ಡಿಗ್ರಿಯ ಆಯಿಲ್‌ನಲ್ಲಿ ಅದು ಬಾಗದೆ ನಿಂತರೆ ಗುಳ್ಳೆಗಳು ಯಾವ ಕೋಣೆಯಲ್ಲಿ ಸೇರಿಕೊಳ್ಳುತ್ತವೆ ಎಂಬುದನ್ನು ನೇರವಾಗಿ ನೋಡಬಹುದು.