ಆರನೇ ವಾರ, ಐದು ಕೆಜಿ

ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಒಂದೇ ಸಮನೆ ಮಳೆ. ಆದರೂ ಜಿಮ್ ತಪ್ಪಿಸಲಿಲ್ಲ. ಮೊದಲ ದಿನ 2 ಕೆಜಿ ಡಂಬೆಲ್‌ಗೇ ಕೈ ನಡುಗಿತ್ತು. ಇವತ್ತು 5 ಕೆಜಿ ಹಿಡಿದು 10 ಸ್ಕ್ವಾಟ್ (ಮಂಡಿ ಮಡಚಿ ಕೂತು ಏಳುವುದು), ಮೂರು ಸಲ! ತುಂಬಾ ಖುಷಿಯಾಯಿತು.

"ಭಾರ ಎತ್ತಿದ್ರೆ ಗಂಡಸರ ಥರ ಆಗ್ತೀಯ" ಅಂತ ಪಕ್ಕದ ಮನೆ ಅಕ್ಕ ಹೆದರಿಸಿದ್ದರು. ಹಾಗೇನೂ ಆಗುವುದಿಲ್ಲ. ಹೆಂಗಸರಲ್ಲಿ ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟೆರಾನ್ ಗಂಡಸರಿಗಿಂತ ತುಂಬಾ ಕಡಿಮೆ, ಸ್ನಾಯು ಅಷ್ಟು ಸುಲಭಕ್ಕೆ ಉಬ್ಬುವುದಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಅದನ್ನು ನಿಧಾನ ಮಾಡಲು ಇದೇ ಭಾರ ಸಹಾಯ ಮಾಡುತ್ತದೆ. ಶುರುವಿಗೆ ವಾರಕ್ಕೆ ಎರಡು ದಿನ ಸಾಕು.

ಕಾಫಿ ಕುಯ್ಲಿನಲ್ಲಿ ನಮ್ಮ ಹೆಂಗಸರು ಹಣ್ಣಿನ ಚೀಲ ತಲೆ ಮೇಲೆ ಹೊತ್ತು ಏರು ಹತ್ತುತ್ತಾರೆ. ಅವರಿಗೆ ಯಾರೂ ಈ ಮಾತು ಹೇಳಿದ್ದು ನಾನು ಕೇಳಿಲ್ಲ.

ಸೋಮವಾರ ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ.