ಸ್ವರ್ಗದ ಆಸೆಗೆ ಮಾಡ್ತೀಯಾ ಅಂತ ಕೇಳೋರಿಗೆ

ನಮ್ಮತ್ತೆಗೆ ಸ್ಟ್ರೋಕ್ ಆಗಿ ನಾಲ್ಕು ವರ್ಷ ಆಯ್ತು, ಎಡಗಡೆ ಪೂರ್ತಿ ಸ್ವಾಧೀನ ಇಲ್ಲ, ಈಗೊಂದು ವರ್ಷದಿಂದ ನನ್ನ ಗುರುತೂ ಸಿಗಲ್ಲ. ಮನೆಗೆ ನೋಡೋಕೆ ಬಂದೋರು, ಮೂಡಿಗೆರೆ ಸಂತೇಲಿ ಸಿಕ್ಕೋರು ಎಲ್ಲರೂ ಸುತ್ತಿ ಬಳಸಿ ಕೇಳೋದು ಒಂದೇ. ಪಕ್ಕದ ತೋಟದ ಅಕ್ಕ ಒಬ್ಬರು ನೇರವಾಗೇ ಕೇಳಿದ್ರು, ಫಲದ ಆಸೆ ಬಿಟ್ಟು ಕೆಲಸ ಮಾಡು ಅಂತ ಗೀತೇಲಿದೆ, ನೀವು ಕ್ರಿಶ್ಚಿಯನ್ನರು ಸ್ವರ್ಗ ಸಿಗುತ್ತೆ ಅಂತ ತಾನೇ ಇದೆಲ್ಲ ಮಾಡೋದು, ವ್ಯಾಪಾರ ಆಗಲಿಲ್ವಾ ಅಂತ. ಮನಸ್ಸು ನೋಯಿಸೋಕೆ ಕೇಳಿದ್ದಲ್ಲ ಅವರು, ಅದಕ್ಕೇ ಸರಿಯಾಗಿ ಉತ್ತರ ಹೇಳ್ಬೇಕು ಅನ್ನಿಸ್ತು.

ಆಸೆ ಇದೆ ಅಕ್ಕ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇಸ್ರಾಯೇಲರ ನಾಯಕ ಮೋಶೆ ಐಗುಪ್ತದ, ಅಂದ್ರೆ ಈಜಿಪ್ಟಿನ, ಐಶ್ವರ್ಯ ಬಿಟ್ಟಿದ್ದು ಮುಂದೆ ಬರೋ ಪ್ರತಿಫಲದ ಮೇಲೆ ಕಣ್ಣಿಟ್ಟೇ ಅಂತ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೇ ಇದೆ.

ವ್ಯಾಪಾರ ಅನ್ನೋದು ಮಾತ್ರ ನಾನು ಒಪ್ಪಲ್ಲ. ಕಾಫಿ ಕುಯ್ಲಲ್ಲಿ ಸಾಯಂಕಾಲ ಚೀಲ ತೂಕಕ್ಕೆ ಹಾಕಿ ಕೆಜಿಗಿಷ್ಟು ಅಂತ ಬರ್ಕೋತೀವಲ್ಲ, ಜಾಸ್ತಿ ಕುಯ್ದೋರಿಗೆ ಜಾಸ್ತಿ ದುಡ್ಡು. ಮತ್ತಾಯನ ಸುವಾರ್ತೆ 20ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಕಥೇಲಿ ಬೆಳಗ್ಗೆ ಬಂದವನಿಗೂ ಸಾಯಂಕಾಲ ಐದಕ್ಕೆ ಬಂದವನಿಗೂ ಒಂದೇ ಕೂಲಿ, ಬಿಸಿಲಲ್ಲಿ ಬೆಂದೋರು ಗೊಣಗ್ತಾರೆ, ನಮ್ಮ ತೋಟದಲ್ಲಾದ್ರೂ ಗೊಣಗ್ತಿದ್ರು. ಆ ಯಜಮಾನನ ಹತ್ರ ತಕ್ಕಡಿಯೇ ಇಲ್ಲ. ಅತ್ತೆ ಬಟ್ಟೆ ಒಗೆದು ಸ್ವರ್ಗ ಕೊಂಡ್ಕೊಳ್ಳೋಕೆ ನನಗಾಗಲ್ಲ, ರಕ್ಷಣೆ, ಅಂದ್ರೆ ಪಾಪದಿಂದ ಬಿಡುಗಡೆ, ಬರೀ ದೇವರ ಕೃಪೆಯಿಂದ.

ಹಾಗಾದ್ರೆ ಆ ಆಸೆ ಯಾಕೆ ಬೇಕು ಅಂದ್ರೆ, ಅದು ರಾತ್ರಿ ಎರಡು ಗಂಟೆಗೆ ಬೇಕು. ಬೆಡ್‌ಸೋರ್ ಆಗಬಾರದು ಅಂತ ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸ್ತೀನಿ, ಬೆಡ್‌ಶೀಟ್ ಹಿಡಿದು ತಿರುಗಿಸುವಾಗ ಬಲಗೈಲಿ ನನ್ನ ಎದೆಗೆ ಕೈಕೊಟ್ಟು ತಳ್ತಾರೆ, ಯಾರೇ ನೀನು ಅಂತಾರೆ. ಭಾನುವಾರ ಚರ್ಚ್ ಮುಗಿಸಿ ಬಂದ ನೆಂಟರು ಮಗಳಿಗಿಂತ ಹೆಚ್ಚಾಗಿ ನೋಡ್ಕೋತೀಯಮ್ಮ ಅಂದಾಗ ನಾನು ಉಬ್ಬಿ ಹೋಗ್ತೀನಿ, ಜನ ನೋಡ್ಲಿ ಅಂತ ಮಾಡಿದ್ದಕ್ಕೆ ಬರಬೇಕಾದ್ದು ಅಲ್ಲಿಗೇ ಬಂದುಬಿಡ್ತು ಅಂತ ಸ್ವಾಮಿ ಹೇಳಿದ್ದು ನನ್ನಂಥೋರಿಗೇ. ಆ ಎರಡು ಗಂಟೆ ಮಾತ್ರ ಅಂತರಂಗ ನೋಡೋ ತಂದೆಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಅತ್ತೆಗೂ ಬೆಳಗ್ಗೆ ನೆನಪಿರಲ್ಲ. ಒಂದು ಲೋಟ ತಣ್ಣೀರು ಕೊಟ್ಟಿದ್ದಕ್ಕೂ ಪ್ರತಿಫಲ ತಪ್ಪಲ್ಲ ಅಂತ ಆತನ ಮಾತಿದೆಯಲ್ಲ, ಅದನ್ನ ಹಿಡ್ಕೊಂಡೇ ಏಳೋದು.

ಏನು ಸಿಗುತ್ತೆ ಅಂತಾನೂ ಕೇಳಿದ್ರಿ. ಕಿರೀಟ ಅಂತ ಬರೆದಿದೆ, ಅದನ್ನೂ ನಂಬ್ತೀನಿ, ಆದ್ರೆ ನನ್ನ ಮನಸ್ಸು ಓಡೋದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯಕ್ಕೆ, ಸತ್ತವರು ಎದ್ದು ಬರ್ತಾರೆ, ನಶಿಸಿ ಹೋಗೋ ಈ ದೇಹ ಇನ್ಯಾವತ್ತೂ ನಶಿಸದ ಹಾಗಾಗುತ್ತೆ ಅಂತ ಇರೋ ಕಡೆ. ಅತ್ತೆ ಅವತ್ತು ಎರಡೂ ಕಾಲಲ್ಲಿ ನಿಂತು, ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಹಿತ್ತಲಿಂದ ಕೂಗ್ತಿದ್ರಲ್ಲ, ಹಾಗೇ ನನ್ನ ಹೆಸರು ಹಿಡಿದು ಕರೀಬೇಕು.