ಬೇಸ್‌ಮೆಂಟ್ ಬೇಟೆ
ಗೆಳೆಯನ ಜೊತೆ ಕೆನಡಾದ ಬ್ರಾಂಪ್ಟನ್‌ನಲ್ಲಿ ಬಾಡಿಗೆಗೆ ಬೇಸ್‌ಮೆಂಟ್ (ನೆಲಮಾಳಿಗೆ) ಮನೆ ನೋಡೋಕೆ ಹೋಗಿದ್ದೆ. ಕಿಟಕಿ ಅಂದರೆ ಸೂರಿನ ಹತ್ತಿರ ಒಂದು ಸಂದು, ಅದರಲ್ಲೂ ಅರ್ಧ ಹಿಮ. ಅಡುಗೆ ವಾಸನೆ ಜಾಸ್ತಿ ಬರಬಾರದಂತೆ. ಮಾಲೀಕರ ಮನೆಯಿಂದಲೇ ಈರುಳ್ಳಿ ಹುರಿಯುವ ಘಮ ಇಳಿದು ಬರುತ್ತಿತ್ತು, ಇರಲಿ.

ಬ್ರಾಂಪ್ಟನ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ, ಈಗಾಗಲೇ ಇರುವ ಬಾಡಿಗೆದಾರರಿಗೆ ವರ್ಷಕ್ಕೆ ಬಾಡಿಗೆ ಇಷ್ಟೇ ಏರಿಸಬಹುದು ಅಂತ ಮಿತಿ ಇದೆ. 2026ಕ್ಕೆ ಅದು ಶೇ. 2.1. ಆದರೆ 2018ರ ನವೆಂಬರ್ 15ರ ನಂತರ ಮೊದಲ ಬಾರಿ ಜನ ಬಂದ ಮನೆಗಳಿಗೆ ಈ ಮಿತಿಯೇ ಇಲ್ಲ. ಹೊಸ ಬೇಸ್‌ಮೆಂಟ್‌ಗಳೂ ಬಹುತೇಕ ಅದೇ ಲೆಕ್ಕಕ್ಕೆ ಸೇರುತ್ತವೆ. ಮನೆ ಹೊಸದಾದಷ್ಟೂ ಬಾಡಿಗೆದಾರನಿಗೆ ಭಯ ಜಾಸ್ತಿ. ವಿಚಿತ್ರ ಅಲ್ವಾ?

"ಇದು ಯಾವಾಗಿನದು?" ಅಂತ ಗೆಳೆಯ ಕೇಳಿದ.

"ಈಗಷ್ಟೇ ಕಟ್ಟಿಸಿದ್ದು, ಎಲ್ಲಾ ಹೊಸದು!" ಅಂದರು ಮಾಲೀಕರು, ಹೆಮ್ಮೆಯಿಂದ.